ಎರಡನೇ ದರ್ಜೆಯ ಲೀಗಿಗೆ ಸೀಟಿ ಊದಿದ ವರ್ಷ

ಫುಟ್‌ಬಾಲ್ ರೆಫರಿಗೆ ಮೂರು ಕೆಲಸ: ಓಡುವುದು, ಸೀಟಿ ಊದುವುದು, ನಗದೆ ಇರುವುದು. ಮೊದಲಿನ ಎರಡು ಅಭ್ಯಾಸವಾದರೆ ಬರುತ್ತವೆ. ಮೂರನೆಯದು ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾರಿಗೂ ಸಾಧ್ಯವಿಲ್ಲ. ಚೆಂಡು ಇಟ್ಟ ಕಡೆ ಏನಾದರೊಂದು ಆಗಿಯೇ ಆಗುತ್ತದೆ. ನಾನು ಹೈಸ್ಕೂಲಿನ ಪೀಟಿ ಮೇಷ್ಟ್ರು. ಮೂರು ತಾಲ್ಲೂಕು ಸೇರಿ ಒಂದು ಲೀಗ್ ಶುರು ಮಾಡಿದಾಗ, ಆಫ್‌ಸೈಡ್ ಅಂದರೆ ಎಂತ ಅಂತ ಇವನಿಗೆ ಗೊತ್ತಿದೆ ಅನ್ನುವ ಆರೋಪದ ಮೇಲೆ ನನ್ನನ್ನು ರೆಫರಿ ಮಾಡಿದರು. ಅದೊಂದು ಸೀಸನ್ನಿನಲ್ಲಿ ಕಂಡದ್ದನ್ನು ಹೇಳುತ್ತೇನೆ.

ಒಂದನೇ ದರ್ಜೆ ಎಲ್ಲಿ?

ಊರೆಲ್ಲ ಪೋಸ್ಟರ್ ಬಿತ್ತು: "ಎರಡನೇ ದರ್ಜೆ ಫುಟ್‌ಬಾಲ್ ಲೀಗ್." ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಜಯಪುರ, ಶೆಟ್ಟಿಕೊಪ್ಪ, ಹಿರೇಕೊಡಿಗೆ, ಹೀಗೆ ಆರು ತಂಡ. ಆರೂ ಎರಡನೇ ದರ್ಜೆಯವೇ. ಒಂದನೇ ದರ್ಜೆ ಎಲ್ಲಿ ನಡೆಯುತ್ತದೆ ಅಂತ ಅಧ್ಯಕ್ಷರನ್ನು ಕೇಳಿದೆ. ಅವರು ಅಡಿಕೆ ಮಂಡಿ ಇಟ್ಟವರು. ಊರಿನಲ್ಲಿ ಯಾವ ಸಂಘ ಹುಟ್ಟಿದರೂ ಅದಕ್ಕೆ ಹುಟ್ಟುವಾಗಲೇ ಇವರು ಅಧ್ಯಕ್ಷರಾಗಿರುತ್ತಾರೆ.

"ಒಂದನೇ ದರ್ಜೆ ಇಲ್ಲ ಮೇಷ್ಟ್ರೇ," ಅಂದರು. "ಹಾಗೆ ಹಾಕಿದ್ರೆ ಜನ ಒಳ್ಳೆ ಆಟ ನೋಡ್ಲಿಕ್ಕೆ ಅಂತ ಬರ್ತಾರೆ. ನಮಗೆ ಯಾಕೆ ಬೇಕು ಆ ತಾಪತ್ರಯ?"

ಉದ್ಘಾಟನೆ

ಮಳೆ ಹಿಡಿಯುವ ಮೊದಲು ಕೆಲವು ಪಂದ್ಯ ಮುಗಿಸುವುದೆಂದು ಮೇ ತಿಂಗಳಲ್ಲಿ ಉದ್ಘಾಟನೆ ಇಟ್ಟರು. ವೇದಿಕೆಯ ಮೇಲೆ ಕುಳಿತವರು ಎಷ್ಟು ಜನ ಅಂದರೆ, ಕೆಳಗೆ ನೋಡುವವರಿಗೆ ಅಂತ ಹಾಕಿದ್ದ ಕುರ್ಚಿಗಳನ್ನೂ ಮೇಲಕ್ಕೆ ಸಾಗಿಸಬೇಕಾಯಿತು. ಶೃಂಗೇರಿ ಮತ್ತು ಶೆಟ್ಟಿಕೊಪ್ಪದ ಹುಡುಗರು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು ಎಲ್ಲ ಮುಗಿದು ಮುಖ್ಯ ಅತಿಥಿಗಳು ಎದ್ದರು. ಯುವಕರು ಮೊಬೈಲು ಬಿಟ್ಟು ಮೈದಾನಕ್ಕೆ ಬರಬೇಕು ಅಂತ ಅವರು ಹೇಳುತ್ತಾ ಹೋದರು. ಮೈದಾನಕ್ಕೆ ಬಂದಿದ್ದ ಯುವಕರು ಒಬ್ಬೊಬ್ಬರೇ ನೆರಳಿಗೆ ಹೋಗಿ ಮೊಬೈಲು ತೆಗೆದರು.

ಭಾಷಣ ಮುಗಿಯುವಷ್ಟರಲ್ಲಿ ಆಗುಂಬೆಯ ಕಡೆಯಿಂದ ಮೋಡ ಏರಿ ಬಂದಿತ್ತು. ಕೆಳಗಿಳಿದ ಅತಿಥಿಗಳು ನನ್ನ ಹೆಗಲ ಮೇಲೆ ಕೈಯಿಟ್ಟು, ಇವರಲ್ಲಿ ನಮ್ಮವರು ಯಾರು ಅಂತ ಮೆಲ್ಲಗೆ ಕೇಳಿದರು. ಎರಡೂ ನಿಮ್ಮ ಕ್ಷೇತ್ರದವೇ ಅಂದೆ. "ಹಾಗಾದ್ರೆ ಇಬ್ಬರೂ ಗೆಲ್ಲಲಿ," ಅಂತ ಹರಸಿ ಅವರು ಕಾರು ಹತ್ತಿದರು.

ಕಾರು ಮರೆಯಾದ ಮೇಲೆ ಅಧ್ಯಕ್ಷರು ನನ್ನ ಹತ್ತಿರ ಬಂದು, ಇಬ್ಬರೂ ಗೆಲ್ಲುವ ಹಾಗೆ ಮಾಡಲಿಕ್ಕೆ ನಿಯಮದಲ್ಲಿ ಎಂತಾದರೂ ದಾರಿ ಇದೆಯಾ ಅಂತ ಕೇಳಿದರು.

ಮಳೆಗಾಲದ ಶಿಕ್ಷೆ

ಜಯಪುರ ತಂಡದ ನಾಯಕ ಅಧ್ಯಕ್ಷರ ಅಕ್ಕನ ಮಗ. ಒಳ್ಳೆಯ ಆಟಗಾರನೇ, ಆದರೆ ತಾಳ್ಮೆ ಕಡಿಮೆ. ಎನ್.ಆರ್.ಪುರದ ಮೇಲಿನ ಪಂದ್ಯದಲ್ಲಿ ಯಾರದೋ ಕಾಲು ತಾಗಿ ಬಿದ್ದ. ನಾನು ಫೌಲ್ ಕೊಡಲಿಲ್ಲ. ಅವನು ಎದ್ದು ಬಂದವನೇ ನನ್ನ ಬಾಯಲ್ಲಿದ್ದ ಸೀಟಿಯನ್ನು ಕಿತ್ತುಕೊಂಡು ಜೋರಾಗಿ ಊದಿ, ತನಗೆ ತಾನೇ ಪೆನಾಲ್ಟಿ ಕೊಟ್ಟುಕೊಂಡ. ಕೈಗೆ ಸಿಕ್ಕಿದ್ದರೆ ಕಾರ್ಡನ್ನೂ ಅವನೇ ತೋರಿಸುತ್ತಿದ್ದ.

ಶಿಸ್ತು ಸಮಿತಿ ಮಂಡಿಯ ಮಹಡಿಯಲ್ಲಿ ಸೇರಿತು. ನೀರುದೋಸೆ ಮುಗಿಯುವವರೆಗೆ ಯಾರೂ ವಿಷಯ ಎತ್ತಲಿಲ್ಲ. ಕಾಫಿ ಬಂದ ಮೇಲೆ ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡು, ತಮಗೆ ಶಿಸ್ತಿನ ಮುಂದೆ ಅಕ್ಕನೂ ಇಲ್ಲ, ಅಕ್ಕನ ಮಗನೂ ಇಲ್ಲ ಅಂದರು. ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಅವನು ಒಂದೇ ಒಂದು ಪಂದ್ಯವನ್ನೂ ಆಡಕೂಡದು ಅಂತ ತೀರ್ಪಾಯಿತು. ಇಷ್ಟು ಕಠಿಣ ಶಿಕ್ಷೆ ಕೇಳಿ ಎನ್.ಆರ್.ಪುರದ ಮ್ಯಾನೇಜರಿಗೇ ಅಯ್ಯೋ ಪಾಪ ಅನ್ನಿಸಿ, ಸ್ವಲ್ಪ ಕಡಿಮೆ ಮಾಡಿ ಅಂತ ಕೇಳಿಕೊಂಡರು.

ಆ ನಾಲ್ಕು ತಿಂಗಳು ನಮ್ಮ ಮೈದಾನದಲ್ಲಿ ಮೊಣಕಾಲು ನೀರಿರುತ್ತದೆ ಅನ್ನುವುದು ಅವರಿಗೆ ನೆನಪಾಗಿದ್ದು ಬಸ್ ಹತ್ತಿದ ಮೇಲೆ.

ಏಳನೆಯವನು

ದೀಪಾವಳಿ ಕಳೆದು ಆಟ ಮತ್ತೆ ಶುರುವಾಯಿತು. ಹಿರೇಕೊಡಿಗೆ ತಂಡ ಅಲ್ಲಿಯವರೆಗೆ ಒಂದೂ ಪಂದ್ಯ ಗೆದ್ದಿರಲಿಲ್ಲ. ಆ ದಿನ ಅವರಿಗೆ ಅದೃಷ್ಟ ತೆರೆದ ಹಾಗೆ ಕಂಡಿತು. ಎದುರಾಳಿ ಶೆಟ್ಟಿಕೊಪ್ಪದವರು ಒಬ್ಬರೂ ಬಂದಿರಲಿಲ್ಲ. ಎದುರಾಳಿ ಬಾರದಿದ್ದರೆ ಆಡದೆಯೇ ಗೆಲುವು. ಆದರೆ ಗೆಲುವು ಬೇಕಾದರೂ ಮೈದಾನದಲ್ಲಿ ಏಳು ಜನ ಇರಬೇಕು ಅಂತ ನಿಯಮ. ಹಿರೇಕೊಡಿಗೆಯವರು ಇದ್ದದ್ದು ಆರು.

ಏಳನೆಯವನು ಅವರ ಗೋಲ್‌ಕೀಪರ್. ಎನ್.ಆರ್.ಪುರ-ಕೊಪ್ಪ ರೂಟಿನ ಖಾಸಗಿ ಬಸ್ಸಿನ ಕಂಡಕ್ಟರ್. ನಾಯಕ ಫೋನಿನ ಮೇಲೆ ಫೋನ್ ಮಾಡಿದ. ಬಂದೆ, ಹತ್ತಿರ ಬಂದೆ ಅಂತ ಉತ್ತರ. ನಾನು ಗಡಿಯಾರ ನೋಡುತ್ತಿದ್ದೆ. ಎದುರಾಳಿಗೆ ಕಾಯುವ ಸಮಯ ಮುಗಿಯಲು ಇನ್ನೇನು ಸ್ವಲ್ಪ ಇದೆ ಅನ್ನುವಾಗ ಬಸ್ಸು ಗೇಟಿನ ಹತ್ತಿರ ನಿಂತಿತು. ಕಂಡಕ್ಟರ್ ಜೆರ್ಸಿ ಹಾಕಿಕೊಂಡೇ, ಹೆಗಲ ಟಿಕೆಟ್ ಬ್ಯಾಗಿನ ಸಮೇತ ಕೆಳಗೆ ಹಾರಿದ. ಆರೂ ಜನ ಕೇಕೆ ಹಾಕಿದರು. ಅವನ ಹಿಂದೆಯೇ ಅದೇ ಬಸ್ಸಿನಿಂದ ಶೆಟ್ಟಿಕೊಪ್ಪದ ತಂಡ ಪೂರ್ತಿ ಇಳಿಯಿತು.

ಎಂತ ಮಾರಾಯ ಹೀಗೆ ಮಾಡಿದೆ ಅಂತ ನಾಯಕ ತಲೆ ಹಿಡಿದುಕೊಂಡು ಕುಳಿತ. ಕಂಡಕ್ಟರಿಗೆ ಅವನ ಸಂಕಟ ಅರ್ಥವೇ ಆಗಲಿಲ್ಲ.

"ದಾರಿಲಿ ಕೈ ಅಡ್ಡ ಹಾಕಿದ್ರು," ಅಂದ. "ಟಿಕೆಟ್ ತಗೊಂಡವರನ್ನ ಬಿಟ್ಟು ಬರ್ಲಿಕ್ಕೆ ಆಗ್ತದಾ?"

ಏಳು ಜನ ಹನ್ನೊಂದು ಜನರ ಮೇಲೆ ಆಡಿದರು. ಚೆಂಡು ಕಂಡಕ್ಟರನ್ನು ದಾಟಿ ಗೋಲಿನೊಳಗೆ ಹೋದಾಗಲೆಲ್ಲ ನೋಡುವವರು ಒಕ್ಕೊರಲಿನಿಂದ ಕೂಗುತ್ತಿದ್ದರು: "ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ."

ಹೊರಗಿನ ಆಟಗಾರ

ಶೃಂಗೇರಿಯವರು ಮಂಗಳೂರಿನಿಂದ ಒಬ್ಬ ಆಟಗಾರನನ್ನು ಕರೆಸಿದರು. ಅವನು ಬಂದದ್ದು ಆಟಕ್ಕೆ ಮಾತ್ರ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಮೈದಾನದ ಹತ್ತಿರದ ಮನೆಯೊಂದರಲ್ಲಿ ಹೆಣ್ಣು ನೋಡುವ ಶಾಸ್ತ್ರವೂ ಪಂದ್ಯದ ದಿನವೇ ಇತ್ತು. ಹುಡುಗಿಯ ಅಪ್ಪ ಜಾಗ್ರತೆಯ ಮನುಷ್ಯ. ಹುಡುಗನನ್ನು ಸೋಫಾದ ಮೇಲೆ ನೋಡುವುದಕ್ಕಿಂತ ಮೈದಾನದಲ್ಲಿ ನೋಡಿದರೆ ಸ್ವಭಾವ ತಿಳಿಯುತ್ತದೆ ಅಂತ ಮಗಳನ್ನೂ ಕರೆದುಕೊಂಡು ಬಂದಿದ್ದರು.

ಆಟದ ನಡುವೆ ಅವನು ಒಂದು ಗೋಲು ಹೊಡೆದ. ನಾನು ಆಫ್‌ಸೈಡ್ ಕೊಟ್ಟೆ. ಅವನು ವಾದಕ್ಕೆ ನಿಂತ, ಬಿಡಲೇ ಇಲ್ಲ. ಹಳದಿ ಕಾರ್ಡ್ ತೋರಿಸಿದೆ. ಅರ್ಧ ಆಟ ಮುಗಿದು ನೀರು ಕುಡಿಯುತ್ತಿದ್ದಾಗ ಹುಡುಗಿಯ ಅಪ್ಪ ಬಂದು ಪರಿಚಯ ಹೇಳಿಕೊಂಡರು. ಆ ಹಳದಿ ಕಾರ್ಡು ಬಹುಮಾನವೋ ಶಿಕ್ಷೆಯೋ ಅಂತ ವಿಚಾರಿಸಿದರು. ಎದುರು ಮಾತಾಡಿದ್ದಕ್ಕೆ ಕೊಟ್ಟದ್ದು ಅಂದೆ. ಅವರ ಮುಖ ಸಣ್ಣಗಾಯಿತು. ಮೊದಲ ದಿನವೇ ಹೀಗಾದರೆ ಮುಂದೆ ಹೇಗೆ ಅಂತ ಗೊಣಗಿದರು. ಒಂದು ಸಂಬಂಧ ಮುರಿದ ಪಾಪ ನನಗೆ ಬಂತಲ್ಲ ಅಂತ ನಾನೂ ಚಡಪಡಿಸಿದೆ.

ಆಗ ಹಿಂದೆ ನಿಂತಿದ್ದ ಹುಡುಗಿ ಮುಂದೆ ಬಂದಳು. "ಅದು ಆಫ್‌ಸೈಡ್ ಅಲ್ಲ ಸಾರ್," ಅಂದಳು. "ಆಚೆ ಮೂಲೆಲಿ, ಗೋಲಿಗೆ ಅವರಿಗಿಂತ ಹತ್ತಿರ, ಒಬ್ಬ ಡಿಫೆಂಡರ್ ಶೂ ಕಟ್ಟಿಕೊಳ್ತಾ ಕೂತಿದ್ದ. ನೀವು ಅವನನ್ನ ನೋಡಲಿಲ್ಲ."

ಅದು ಆಫ್‌ಸೈಡೇ ಅಂತ ನಾನು ಈಗಲೂ ಹೇಳುತ್ತೇನೆ. ಆದರೆ ಅವರಿಬ್ಬರ ಮದುವೆಯ ಊಟ ಉಂಡು ಬಂದ ಮೇಲೆ ವಾದಿಸುವುದು ಸರಿಯಲ್ಲ.

ಸೈರನ್

ಆಮೇಲೆ ತಂಡಗಳು ಉದುರಲು ಶುರುವಾದವು. ಶೆಟ್ಟಿಕೊಪ್ಪದವರು ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಿಗೆ ಹೋದವರು ತಿರುಗಿ ಬರಲಿಲ್ಲ. ಎನ್.ಆರ್.ಪುರದಲ್ಲಿ ಇಬ್ಬರು ನಾಯಕರಾದರು. ಇಬ್ಬರೂ ತಮ್ಮದೇ ನಿಜವಾದ ತಂಡ ಅಂದರು, ಇಬ್ಬರ ಹತ್ತಿರವೂ ಪೂರ್ತಿ ಆಟಗಾರರಿರಲಿಲ್ಲ. ಮದುವೆ ಗೊತ್ತಾದ ಮಂಗಳೂರಿನವನು ಬರುವುದು ನಿಲ್ಲಿಸಿದ, ಅವನಿಲ್ಲದೆ ಆಡುವುದಿಲ್ಲ ಅಂತ ಶೃಂಗೇರಿಯವರು ಮುನಿಸಿಕೊಂಡರು. ಆತಿಥೇಯ ಕೊಪ್ಪದ ಕಥೆ ಬೇರೆ. ಅಲ್ಲಿ ಆಟಗಾರರೆಲ್ಲ ಸಂಘಟನಾ ಸಮಿತಿಗೆ ಸೇರಿ ಎದೆಗೆ ಬ್ಯಾಡ್ಜ್ ಹಾಕಿಕೊಂಡಿದ್ದರು. ಬ್ಯಾಡ್ಜ್ ತೆಗೆದು ಚಡ್ಡಿ ಹಾಕಲು ಒಬ್ಬನೂ ಒಪ್ಪಲಿಲ್ಲ.

ಹೀಗಾಗಿ ಫೈನಲಿಗೆ ಉಳಿದವರು ಜಯಪುರ ಮತ್ತು ಒಂದೂ ಪಂದ್ಯ ಗೆಲ್ಲದ ಹಿರೇಕೊಡಿಗೆ.

ಸಮಿತಿಯ ಸದಸ್ಯರೊಬ್ಬರ ಮಗಳು ಉಕ್ರೇನಿನಲ್ಲಿ ಡಾಕ್ಟರಿಕೆ ಓದುತ್ತಿದ್ದವಳು, ಯುದ್ಧ ಶುರುವಾದಾಗ ಊರಿಗೆ ಬಂದಿದ್ದಳು. ಅಲ್ಲಿನ ಸಣ್ಣ ಊರುಗಳಲ್ಲೂ ಇಂಥದ್ದೇ ಕೆಳದರ್ಜೆಯ ಲೀಗ್ ಇದೆಯಂತೆ. ಆಟದ ನಡುವೆ ಸೈರನ್ ಕೂಗಿದರೆ ಎಲ್ಲರೂ ನೆಲಮಾಳಿಗೆಗೆ ಹೋಗಿ ಕೂರುತ್ತಾರೆ, ಅಪಾಯ ಕಳೆದ ಮೇಲೆ ಬಂದು ನಿಂತಲ್ಲಿಂದ ಆಟ ಮುಂದುವರಿಸುತ್ತಾರೆ ಅಂತ ಅಲ್ಲಿನ ಗೆಳತಿಯರಿಂದ ಕೇಳಿ ಆಕೆ ಹೇಳಿದಳಂತೆ. ಸದಸ್ಯರು ಇದನ್ನು ಸಭೆಯಲ್ಲಿ ಹೇಳಿದರು. ಕೇಳಿ ನನಗೆ ನಾಚಿಕೆಯಾಯಿತು.

ಅಧ್ಯಕ್ಷರು ಬಹಳ ಯೋಚಿಸಿ, "ನಮ್ಮ ತಪ್ಪು ಗೊತ್ತಾಯ್ತು," ಅಂದರು. "ನಾವು ಸೈರನ್ ಇಡಲಿಲ್ಲ."

ಬಿಳಿ ಕಾರು

ಫೈನಲಿಗೆ ಮೂರು ತಾಲ್ಲೂಕಿನ ಜನ ಸೇರಿದ್ದರು. ಜಯಪುರದ ಹುಡುಗರು ಅನುಕೂಲಸ್ಥರ ಮನೆಯವರು, ಕಾರುಗಳಲ್ಲಿ ಬಂದಿಳಿದರು. ಹಿರೇಕೊಡಿಗೆಯವರು ತಮ್ಮ ಗೋಲ್‌ಕೀಪರಿನ ಬಸ್ಸಿನಲ್ಲೇ ಬಂದರು, ಟಿಕೆಟ್ ತಗೊಂಡು. ಆದರೆ ಆ ದಿನ ಅವರಿಗೆ ಏನಾಗಿತ್ತೋ, ಹುಲಿಗಳ ಹಾಗೆ ಆಡಿದರು. ಆಟ ಮುಗಿಯುತ್ತಾ ಬಂದರೂ ಯಾರೂ ಗೋಲು ಹೊಡೆದಿರಲಿಲ್ಲ. ಸೀಸನ್ ಪೂರ್ತಿ ನಗೆಪಾಟಲಾಗಿದ್ದ ಹುಡುಗರು ಏದುಸಿರು ಬಿಡುತ್ತಾ ಓಡುತ್ತಿದ್ದರು. ನನಗೆ ಸೀಟಿ ಕಚ್ಚಿದ ಹಲ್ಲು ನೋಯುತ್ತಿತ್ತು.

ಆಗ ಮೈಕಿನಲ್ಲಿ ಅಧ್ಯಕ್ಷರ ದನಿ ಕೇಳಿತು. ಗೇಟಿಗೆ ಅಡ್ಡವಾಗಿ ಯಾರೋ ಬಿಳಿ ಕಾರು ನಿಲ್ಲಿಸಿದ್ದಾರೆ, ಟ್ರೋಫಿ ತಂದ ಜೀಪು ಒಳಗೆ ಬರಲು ಆಗುತ್ತಿಲ್ಲ, ಮಾಲೀಕರು ಕೂಡಲೇ ಬಂದು ತೆಗೆಯಬೇಕು. ತೆಗೆಯದಿದ್ದರೆ ಟೈರಿನ ಗಾಳಿ ಬಿಡಲಾಗುವುದು.

ನಮ್ಮ ಕಡೆ ಕಾರು ಅಂದರೆ ಬಿಳಿಯೇ. ಮೊದಲು ಜಯಪುರದ ಗೋಲ್‌ಕೀಪರ್ ಓಡಿದ. ಅವನ ಹಿಂದೆ ಇಬ್ಬರು ಡಿಫೆಂಡರುಗಳು. ಬಾವುಟ ನೆಲಕ್ಕೆ ಹಾಕಿ ಲೈನ್‌ಮನ್ ಹೋದ. ನನ್ನ ಕೈಯೂ ಒಮ್ಮೆ ಕಿಸೆಗೆ ಹೋಗಿ ಬಂತು. ಹಿರೇಕೊಡಿಗೆಯವರ ಹತ್ತಿರ ಕಾರಿರಲಿಲ್ಲ, ಹಾಗಾಗಿ ಅವರಲ್ಲೊಬ್ಬರೂ ಅಲುಗಲಿಲ್ಲ. ಅವರ ಫಾರ್ವರ್ಡ್ ಆಟಗಾರ ಚೆಂಡು ಉರುಳಿಸಿಕೊಂಡು ಖಾಲಿ ಗೋಲಿನ ಎದುರು ಬಂದು ನಿಂತ. ಇಂಥ ಅವಕಾಶ ಅವನು ಕನಸಿನಲ್ಲೂ ಕಂಡಿರಲಿಲ್ಲ, ಅದಕ್ಕೇ ನಂಬಿಕೆ ಬರಲಿಲ್ಲ.

"ಹೊಡಿಲಾ ಸಾರ್?" ಅಂತ ಕೇಳಿದ.

"ನಾನು ಸೀಟಿ ಊದಿದೆನಾ?"

"ಇಲ್ಲ."

"ಮತ್ತೆಂತ?"

ಮಗುವನ್ನು ತೊಟ್ಟಿಲಿಗೆ ಇಡುವ ಹಾಗೆ ಮೆಲ್ಲಗೆ ಒಳಗೆ ತಳ್ಳಿದ.

ಜಯಪುರದವರು ವೇದಿಕೆಗೆ ನುಗ್ಗಿದರು. ಮೈಕಿನಲ್ಲಿ ಕರೆದದ್ದು ಸಮಿತಿಯವರೇ, ಆದ್ದರಿಂದ ಗೋಲು ರದ್ದಾಗಬೇಕು ಅಂತ ನಾಯಕ, ಅಂದರೆ ಅಧ್ಯಕ್ಷರ ಅಕ್ಕನ ಮಗ, ಪಟ್ಟು ಹಿಡಿದ. ರೆಫರಿಯ ತೀರ್ಮಾನವೇ ಕೊನೆ ಅಂತ ನಾನು ಹೇಳಿದ್ದು ಯಾರಿಗೂ ಕೇಳಲಿಲ್ಲ. ಅಧ್ಯಕ್ಷರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಮೈಕು ಹಿಡಿದೇ ತೀರ್ಪು ಕೊಟ್ಟರು. ಇಷ್ಟಕ್ಕೆಲ್ಲ ಕಾರಣ ಆ ಕಾರು. ಇಂಥ ಶಿಸ್ತಿಲ್ಲದ ಮನುಷ್ಯರಿಂದಲೇ ನಮ್ಮ ಊರು ಹಿಂದೆ ಬಿದ್ದಿದೆ. ಕಾರಿನ ಮಾಲೀಕ ಯಾವ ತಂಡದ ಕಡೆಯವನೋ ಆ ತಂಡವೇ ಸೋತ ಹಾಗೆ. ಇದರಲ್ಲಿ ಮುಖ ನೋಡಿ ಮಣೆ ಹಾಕುವ ಪ್ರಶ್ನೆಯೇ ಇಲ್ಲ.

ಜನ ಚಪ್ಪಾಳೆ ತಟ್ಟಿದರು. ಹಿರೇಕೊಡಿಗೆಯ ಹುಡುಗರ ಮುಖ ಬಾಡಿತು. ಮಾಲೀಕ ಯಾರಾದರೂ ತಮ್ಮೂರಿನವನೇ ಆಗಿಬಿಟ್ಟರೆ ಅಂತ ಅವರಿಗೆ ಭಯ.

ಅಷ್ಟರಲ್ಲಿ ಗೇಟಿನ ಕಡೆಯಿಂದ ಅಧ್ಯಕ್ಷರ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರು ಓಡಿಬಂದು, ವೇದಿಕೆ ಹತ್ತಿ, ಅವರ ಕಿವಿಯ ಹತ್ತಿರ ಬಗ್ಗಿದರು. ಕಿವಿಯ ಹತ್ತಿರವೇ ಮೈಕೂ ಇತ್ತು.

"ಅಣ್ಣಾ, ಅದು ನಮ್ಮದೇ ಕಾರು. ಕೀ ನಿಮ್ಮ ಕಿಸೇಲೇ ಇದೆ."