ಗಂಡನ ಹೆಸರಿನ ಚೌಕ

ನಗೆಯ ಪ್ರಸಂಗ ಒಂದೂ ನಡೆಯದ ದಿನ ಎಂದರೆ ನನ್ನ ಕೋಣೆಯಲ್ಲಿ ಕರೆಂಟು ಇಲ್ಲದ ದಿನ. ಬೇಡಕಿಹಾಳದಲ್ಲಿ ನನ್ನ ಹೊಲಿಗೆ ಅಂಗಡಿಯ ಹಿಂದೆ ಎರಡು ಕಂಪ್ಯೂಟರ್ ಇಟ್ಟು ಹೆಣ್ಣುಮಕ್ಕಳಿಗೆ ಕಲಿಸುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಓದು, ಕಂಪ್ಯೂಟರ್ ಎರಡನ್ನೂ ಹಟ ಹಿಡಿದು ಒಬ್ಬಳೇ ಕಲಿತೆ. ಅದಕ್ಕೇ ಹಟದ ಹೆಣ್ಣುಮಕ್ಕಳನ್ನು ಕಂಡರೆ ನನಗೆ ಪ್ರೀತಿ ಹೆಚ್ಚು.

ಈ ಸಲ ಬಂದವರು ಮೂವರು. ಅವರಲ್ಲಿ ಜುಗೂಳದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳಿಗೆ ಅವಸರವಿತ್ತು. ಕಬ್ಬಿನ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಬೇಕು, ವಯಸ್ಸು ಮೀರುವ ಮೊದಲು ಇದೇ ಕೊನೆಯ ಅವಕಾಶ. ಹಿಂದೊಮ್ಮೆ ಯಾರೋ ತುಂಬಿಕೊಟ್ಟ ಅರ್ಜಿ, ಹುಟ್ಟಿದ ದಿನ ತಪ್ಪಿ ತಿರಸ್ಕಾರವಾಗಿತ್ತು.

"ಈ ಸಲ ನಾನ ತುಂಬತೇನ್ರಿ ಅಕ್ಕಾರ. ತಪ್ಪಿದರ ನನ್ನ ಕೈಲೇನ ತಪ್ಪಲಿ," ಅಂದಳು.

೧. ಯಾರಿಗೂ ಹೇಳಬಾರದು

ಎರಡನೆಯವಳು ಕುರಿ ಕಾಯುವ ಆಯಿ. ಮೊಮ್ಮಗಳು ಅಣಕಿಸಿದಳೆಂದು ಸಿಟ್ಟಿನಿಂದ ಕಲಿಯಲು ಬಂದವಳು. ಪಾಸ್‌ವರ್ಡ್ ಇಟ್ಟುಕೊಳ್ಳಲು ಹೇಳಿಕೊಟ್ಟು, "ಯಾರಿಗೂ ಹೇಳಬ್ಯಾಡ ಆಯಿ, ನನಗೂ ಸೈತ," ಎಂದಿದ್ದೆ. ಮರುದಿನ ನೋಡಿದರೆ ಕಂಪ್ಯೂಟರಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದಾಳೆ.

"ಪಾಸ್‌ವರ್ಡ್ ಹಾಕ ಆಯಿ."

"ಹಾಕಂಗಿಲ್ಲ."

"ಮರತಿ ಏನ?"

"ಮರೀಲಾಕ ನನಗೇನ ಆಗೇತಿ? ನಿನ್ನಿ ಯಾರಿಗೂ ಹೇಳಬ್ಯಾಡ ಅಂದಿ, ಇವತ್ತ ಇದಕ್ಕ ಹೇಳ ಅಂತಿ. ಇದು ಹೋಗಿ ಬಾಜೂಕಿನ ಕಂಪ್ಯೂಟರಕ್ಕ ಹೇಳಿದರ?"

೨. ನೋಡದ ಬೆರಳು

ಮೂರನೆಯವಳು ನಿಪ್ಪಾಣಿ ಕಡೆಯ ಬೀಡಿ ಕಟ್ಟುವ ಅಕ್ಕ. ಅಕ್ಷರಗಳ ಜಾಗ ಗೊತ್ತಾಗಲು ಅವಳಿಗೆ ವಾರ ಹಿಡಿಯಿತು. ಆಮೇಲೆ ಶುರುವಾಯಿತು ನೋಡಿ! ಕಣ್ಣು ಬೀದಿಯ ಮೇಲೆ, ಬಾಯಿ ಆಯಿಯ ಜೊತೆ, ಬೆರಳು ಮಾತ್ರ ಕೀಲಿಗಳ ಮೇಲೆ ಓಡುತ್ತಿದ್ದವು. ನನಗೇ ಅಷ್ಟು ಬೇಗ ಬಾರದು.

"ಕೈ ನೋಡಕೋತ ಬಡಿಯಬೇ," ಎಂದೆ.

"ಕೈ ನೋಡಕೋತ ಬೀಡಿ ಕಟ್ಟಿದಾಕಿ ಮನಿಗೆ ಯಾವಾಗ ಹೋಗಬೇಕ್ರಿ?"

"ನಾಕ ಅಕ್ಷರ ತಪ್ಪ್ಯಾವಲ್ಲ!"

"ನಾಕ ಅಷ್ಟೇನ್ರಿ? ಬೀಡಿಯಾಗ ಕೆಟ್ಟಾವಂತ ಇದಕ್ಕಿಂತ ಹೆಚ್ಚ ತಗದ ಒಗೀತಾರ್ರಿ."

೩. ಚೌಕ ತುಂಬಿತು

ಅರ್ಜಿಯ ಕೊನೆಯ ದಿನ. ಐದೂವರೆಗೆ ಮುಗಿಯುತ್ತದೆ. ಕರೆಂಟು ಬಂದದ್ದೇ ಐದಕ್ಕೆ. ಜುಗೂಳದ ತಂಗಿ ಒಂದೊಂದೇ ಅಕ್ಷರ ಒತ್ತುವುದು ನೋಡಿ ನನಗೆ ತಡೆಯಲಾಗಲಿಲ್ಲ. ಮೈಕು ಕೊಟ್ಟು, "ಬಾಯಿಲೆ ಹೇಳವ್ವ, ಅದ ಬರಕೋತೇತಿ," ಎಂದೆ.

ಹೆಸರು, ಊರು, ಹುಟ್ಟಿದ ದಿನ ಎಲ್ಲ ಸರಿಯಾಗಿ ಬಿದ್ದವು. ಮುಂದಿನ ಚೌಕ: ಗಂಡನ ಹೆಸರು. ತಂಗಿ ಸೆರಗು ಎಳೆದುಕೊಂಡು ನಾಚಿದಳು.

"ಬರೇ ಹೆಸರ ಹೇಳತಾರೇನ? ಒಡಪ ಹಾಕ!" ಎಂದಳು ಆಯಿ. ಗಂಡನ ಹೆಸರನ್ನು ಹಾಡಿನಲ್ಲಿ ಹೆಣೆದು ಹೇಳದಿದ್ದರೆ ನಮ್ಮ ಕಡೆ ನಡೆಯುವುದಿಲ್ಲ. ನಾನು ತಡೆಯುವುದರೊಳಗೆ ತಂಗಿ ಶುರು ಮಾಡಿಯೇಬಿಟ್ಟಳು:

"ಕೃಷ್ಣಾ ಹೊಳಿಗೆ ಬೆಳಗತೇನಿ ಆರತಿ,
ಮನಿ ಕಂಬ ಯಾರಂತ ಕೇಳತಿ?
ನಾಚಕೋತ ಹೇಳತೇನಿ ಗೆಳತಿ,
ನನ್ನ ಯಜಮಾನ ಮಾರುತಿ!"

ಎಲ್ಲರೂ ಚಪ್ಪಾಳೆ ಹೊಡೆದರು. ಒಡಪು ಪೂರ್ತಿ ಚೌಕದಲ್ಲಿ ಕೂತಿತ್ತು. ಕೆಳಗೆ ಕೆಂಪು ಅಕ್ಷರ: ಮಿತಿ ಮೀರಿದೆ.

"ಅಳಸ, ಲಗೂನ!" ಎಂದೆ. ಅಳಿಸುವ ಕೀಲಿ ಒತ್ತಿದಳು. ಕೊನೆಯ 'ತಿ' ಹೋಯಿತು.

"ಅಯ್ಯ, ಮೊದಲ ನಮ್ಮವರ ಹೋಗಾಕತ್ತಾರಲ್ರಿ!" ಎಂದು ಕೈ ಹಿಂದೆಗೆದಳು. ಹೋದ ಅಕ್ಷರವನ್ನು ಹುಡುಕಿ ಮತ್ತೆ ಕೂಡಿಸಿದಳು. "ನನ್ನ ಕೈಲೆ ಅವರನ್ನ ಅಳಸಂಗಿಲ್ಲ!"

"ಎಂಟ ನಿಮಿಷ ಉಳದಾವ ಮಾರಾಯ್ತಿ! ಕೆಲಸ ಬೇಕೋ ಬ್ಯಾಡೋ?"

"ಎರಡೂ ಬೇಕ್ರಿ."

ನನ್ನ ತಲೆ ಓಡಲಿಲ್ಲ. ಅವಳದು ಓಡಿತು. "ಅಕ್ಕಾರ, ಮುಂದಿನ ಅಕ್ಷರ ನುಂಗೂ ಕೀಲಿ ಒಂದ ಕಲಿಸಿದ್ರಲ್ಲ?" ಎನ್ನುತ್ತ ಸಾಲಿನ ತಲೆಗೆ ಹೋಗಿ ಅದನ್ನು ಒತ್ತಿಹಿಡಿದಳು. ಕೃಷ್ಣಾ ಹೊಳೆ ಹೋಯಿತು, ಆರತಿ ಹೋಯಿತು, ಕಂಬ ಹೋಯಿತು, ಗೆಳತಿ ಹೋದಳು. 'ಯಜಮಾನ'ದ ಕೊನೆಯ ಅಕ್ಷರ ಹೋದದ್ದೇ ತಟ್ಟನೆ ಬೆರಳೆತ್ತಿದಳು. ಚೌಕದಲ್ಲಿ ಮಾರುತಿ ಒಬ್ಬನೇ ನಿಂತಿದ್ದ.

ಅರ್ಜಿ ಸ್ವೀಕಾರವಾಯಿತು. ಇನ್ನೂ ಎರಡು ನಿಮಿಷ ಉಳಿದಿತ್ತು.

ತಂಗಿ ಸೆರಗಿನಿಂದ ಬೆವರು ಒರೆಸಿಕೊಂಡಳು: "ಹಾಡ ಹೋದರ ಹೋಗಲಿ ಬಿಡ್ರಿ, ನಾಳೆ ಇನ್ನೊಂದ ಕಟ್ಟತೇನಿ. ಮನಿಯವರ ಉಳದ್ರಲ್ಲ!"