ಬಾವಿಯಿಂದ ಮೇಲೆ ಬಂದವರು

“ಇನ್ನು ಬಾವಿಗೆ ಇಳಿಯಬೇಡಿ. ಮೇಲೆ ಹಗ್ಗ ಹಿಡಿಯಲಿಕ್ಕೆ ನಾನಿಲ್ಲ.”

ನನ್ನ ಹೆಂಡತಿ ಕಡೆಯದಾಗಿ ಹೇಳಿದ್ದು ಇದು. ಮಣಿಪಾಲದ ಆಸ್ಪತ್ರೆಯಲ್ಲಿ, ಸಂಜೆ, ನೋಡಲು ಬಂದವರು ಹೊರಗೆ ಹೋಗಬೇಕು ಅಂತ ಗಂಟೆ ಹೊಡೆದ ಮೇಲೆ. ನಾನು ತಲೆ ಆಡಿಸಿದೆ. ಅವಳು ನನ್ನ ಮುಖ ನೋಡಿದಳು. ನಂಬಲಿಲ್ಲ. ನಂಬದೆ ಇರಲಿಕ್ಕೆ ಕಾರಣ ಉಂಟು. ಇಪ್ಪತ್ತೆರಡು ವರ್ಷದಲ್ಲಿ ಬಾವಿಯ ವಿಷಯದಲ್ಲಿ ಅವಳು ಹೇಳಿದ ಒಂದು ಮಾತನ್ನೂ ನಾನು ಕೇಳಿದವನಲ್ಲ.

ನನ್ನ ಕೆಲಸ ಬಾವಿಯದ್ದು. ಬೇಸಿಗೆಯಲ್ಲಿ ಕೆಸರು ತೆಗೆಯುವುದು, ಬಿದ್ದ ಕೊಡಪಾನ ತೆಗೆಯುವುದು, ಬಿದ್ದ ಪ್ರಾಣಿ ತೆಗೆಯುವುದು. ಕಾಪು, ಉಡುಪಿ, ಕಾರ್ಕಳ, ಎಲ್ಲಿಂದ ಕರೆದರೂ ಇಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು. ನಾನು ಕೆಳಗೆ, ಅವಳು ಮೇಲೆ. ನನ್ನ ಸೊಂಟಕ್ಕೆ ಹಗ್ಗ. ಅದರ ಇನ್ನೊಂದು ತುದಿ ಹತ್ತಿರದ ತೆಂಗಿನ ಮರಕ್ಕೆ ಒಂದು ಸುತ್ತು ಬಂದು ಅವಳ ಕೈಯಲ್ಲಿ. ಗಂಡನನ್ನು ದನದ ಹಾಗೆ ಕಟ್ಟಿ ಹಾಕಿದ್ದಾಳೆ ಅಂತ ಜನ ನಗುತ್ತಿದ್ದರು.

ಕಟ್ಟೆ ಇಲ್ಲದ ಬಾವಿ ಊರಿನಲ್ಲಿ ಇರುವಷ್ಟು ದಿನ ಏನಾದರೂ ಬೀಳುತ್ತಲೇ ಇರುತ್ತದೆ. ಬಿದ್ದದ್ದನ್ನು ಎತ್ತಿದವನಿಗೂ ಏನಾದರೂ ಆಗುತ್ತಲೇ ಇರುತ್ತದೆ. ನನಗೆ ಆದದ್ದರಲ್ಲಿ ಕೆಲವು ಬರೆಯುತ್ತೇನೆ. ನಾವು ಮಾತಾಡಿದ್ದು ತುಳುವಿನಲ್ಲಿ. ಬರೆಯುವುದು ಐದನೇ ಕ್ಲಾಸಿನ ಕನ್ನಡದಲ್ಲಿ.

ಒಂದು: ಕಡಿಯಾಳಿಯ ಬೆಕ್ಕು

ಕಡಿಯಾಳಿಯಲ್ಲಿ ಒಂದು ದೊಡ್ಡ ಮನೆ. ಮಡಿಯವರು. ಬೆಕ್ಕು ಬಾವಿಗೆ ಬಿದ್ದು ಎರಡು ದಿನ ಆಗಿತ್ತು. ನೀರಿನ ಬದಿಯ ಒಂದು ಕಲ್ಲಿನ ಮೇಲೆ ಕೂತು ಕೂಗುತ್ತಿತ್ತು.

ಹೆಂಡತಿ ಬಗ್ಗಿ ನೋಡಿದಳು. ಇಳಿಯುವುದು ಬೇಡ, ಬುಟ್ಟಿಯಲ್ಲಿ ಸ್ವಲ್ಪ ಹಾಲು ಅನ್ನ ಇಟ್ಟು ಕೆಳಗೆ ಬಿಡುವ, ಹಸಿದಿದೆ, ತಾನೇ ಬಂದು ಕೂರುತ್ತದೆ ಅಂದಳು. ನಾನು ಒಪ್ಪಲಿಲ್ಲ. ಹೆದರಿದ ಪ್ರಾಣಿ, ಬುಟ್ಟಿ ನೋಡಿ ನೀರಿಗೆ ಹಾರಿದರೆ ಎಂತ ಮಾಡುವುದು ಅಂತ ಇಳಿದೆ.

ಬೆಕ್ಕನ್ನು ಅಂಗಿಯ ಒಳಗೆ ಹಾಕಿಕೊಂಡೆ. ಸುಮ್ಮನೆ ಇತ್ತು. ಅರ್ಧ ಹತ್ತುವಾಗ ಅದಕ್ಕೆ ಮೇಲಿನ ಬೆಳಕು ಕಂಡಿತು. ಅಂಗಿಯಿಂದ ಹೊರಗೆ ಬಂತು. ಎದೆ, ಹೆಗಲು, ತಲೆ, ಮೂರು ಮೆಟ್ಟಿಲು ಹತ್ತಿದ ಹಾಗೆ ಹತ್ತಿ, ನನ್ನ ಹಣೆಗೆ ಉಗುರು ಊರಿ, ಬಾವಿಕಟ್ಟೆಗೆ ಹಾರಿತು. ನಾನು ಕೈ ಜಾರಿ ವಾಪಸು ನೀರಿಗೆ ಬಿದ್ದೆ. ಹಗ್ಗ ಇದ್ದ ಕಾರಣ ಮುಳುಗಲಿಲ್ಲ.

ಮೇಲೆ ಬಂದು ನೋಡುವಾಗ ಬೆಕ್ಕನ್ನು ಹೊಸ ಬೈರಾಸಿನಲ್ಲಿ ಒರೆಸಿ ಬಚ್ಚಲಿನ ಒಲೆಯ ಹತ್ತಿರ ಕೂರಿಸಿದ್ದರು. ನನ್ನ ಹಣೆಯಿಂದ ರಕ್ತ ಇಳಿಯುತ್ತಿತ್ತು. ಮನೆಯ ದೊಡ್ಡ ಅಮ್ಮ ನನ್ನ ಹತ್ತಿರ ಬಂದರು. ಅರಿಶಿನ ಕೊಡಲಿಕ್ಕೆ ಅಂತ ಎಣಿಸಿದೆ. ನೀನು ನೀರು ಮುಟ್ಟಿದೆಯಾ ಅಂತ ಕೇಳಿದರು. ಮುಟ್ಟುವುದು ಎಂತ, ಬಿದ್ದೇ ಹೋದೆ ಅಂದೆ. ಅವರು ಒಳಗೆ ತಿರುಗಿ, ಭಟ್ಟರನ್ನು ಕರೆಸಿ, ಬಾವಿ ಶುದ್ಧ ಮಾಡಿಸಬೇಕು ಅಂತ ಹೇಳಿದರು.

ನಾನು ಅಂಗೈಯಲ್ಲಿ ಹಣೆ ಒತ್ತಿ ಹಿಡಿದೆ. ಆಮೇಲೆ ಕೇಳಿದೆ.

“ಬೆಕ್ಕು ಎರಡು ದಿನ ಇದ್ದ ನೀರು ಅಲ್ವಾ ಅಮ್ಮ?”

“ಅದು ಬೆಕ್ಕು ಮಾರಾಯ. ಅದಕ್ಕೆ ಎಂತ ಗೊತ್ತುಂಟು?”

ಹೆಂಡತಿ ಬಸ್‌ಸ್ಟ್ಯಾಂಡಿನವರೆಗೆ ನನ್ನ ಮುಂದೆ ನಡೆದಳು. ಬಸ್ಸಿನಲ್ಲಿ ಕೂತ ಮೇಲೆ ಸೆರಗಿನ ತುದಿಯಲ್ಲಿ ನನ್ನ ಹಣೆ ಒರೆಸಿದಳು.

“ಮುಂದಿನ ಸಲ ಬೆಕ್ಕಿನ ವೇಷ ಹಾಕಿ ಇಳಿಯಿರಿ” ಅಂದಳು.

ಎರಡು: ಹಸಿದ ಹೆಬ್ಬಾವು

ಕಾಪುವಿನಲ್ಲಿ ಅಂಗಡಿ ಇಟ್ಟಿದ್ದ ಒಬ್ಬರು ಬ್ಯಾರಿ ಸಾಹುಕಾರರು. ಅವರ ಮನೆಯ ಬಾವಿಗೆ ಹೆಬ್ಬಾವು ಬಿದ್ದಿತ್ತು. ನಾಲ್ಕು ದಿನದಿಂದ ನೀರು ಸೇದುವವರಿಲ್ಲ. ನಾನು ಇಳಿದು ಅದನ್ನು ಗೋಣಿಗೆ ತುಂಬಿಸಿದೆ. ಹತ್ತಿ ಹತ್ತಿ ಬಿದ್ದು ಸೋತಿತ್ತು. ಮಗುವಿನ ಹಾಗೆ ಬಂತು.

ಇದನ್ನು ಹೊಳೆಯ ಆಚೆ ಬಿಟ್ಟು ಬನ್ನಿ, ಈಚೆ ಬೇಡ ಅಂತ ಹೆಂಡತಿ ಹೇಳಿದಳು. ಸಾಹುಕಾರರೂ ಹಾಗೆಯೇ ಹೇಳಿದರು. ನಾನು ದಾರಿಯಲ್ಲಿ ಗೋಣಿ ಮುಟ್ಟಿ ನೋಡಿದೆ. ತೆಳ್ಳಗೆ, ತಣ್ಣಗೆ ಇತ್ತು. ಪಾಪ, ನಾಲ್ಕು ದಿನ ಹಸಿದಿದೆ, ಗೊತ್ತಿಲ್ಲದ ಜಾಗಕ್ಕೆ ಹಾಕಿದರೆ ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಮನೆಯ ಹಿಂದಿನ ಪೊದೆಯಲ್ಲಿ ಬಿಟ್ಟೆ.

ಮಾರನೆ ದಿನ ಬೆಳಕು ಹರಿದರೂ ನಮ್ಮ ಹುಂಜ ಕೂಗಲಿಲ್ಲ. ಹೆಂಡತಿ ಕೋಳಿಗೂಡಿನ ಬಾಗಿಲು ತೆರೆದಳು. ತೆರೆದು ಹಾಗೆಯೇ ನಿಂತಳು. ನಾನು ಹೋಗಿ ಬಗ್ಗಿ ನೋಡಿದೆ. ಕೋಳಿ ಒಂದೂ ಇಲ್ಲ. ಹೆಬ್ಬಾವು ಸುತ್ತಿ ಮಲಗಿತ್ತು. ಮೈಯಲ್ಲಿ ಸಾಲಾಗಿ ಮೂರು ಗಂಟು. ಬಂದ ಸಂದಿಯಲ್ಲಿ ಹೊರಗೆ ಹೋಗಲಿಕ್ಕೆ ಈಗ ಅದಕ್ಕೆ ಆಗುವುದಿಲ್ಲ. ಹಸಿದಿದೆ ಅಂತ ಪೊದೆಯಲ್ಲಿ ಬಿಟ್ಟೆ ಅಂತ ಒಪ್ಪಿಕೊಂಡೆ. ಆ ಮೂರರಲ್ಲಿ ಒಂದು ಅವಳು ತವರಿನಿಂದ ತಂದ ಹೇಂಟೆ. ದಿನಾ ಮೊಟ್ಟೆ ಇಡುತ್ತಿತ್ತು.

ಅವಳು ಬೈಯಲಿಲ್ಲ. ಹಸಿದಿದೆ ಅಂತ ನೀವೇ ಹೇಳಿದ್ದಲ್ವಾ, ಈಗ ಕೇಳಿ ನೋಡಿ, ಹೊಟ್ಟೆ ತುಂಬಿತಾ ಅಂತ ಅಂದಳು.

ಗೂಡು ಒಡೆದು ಅದನ್ನು ಹೊರಗೆ ತೆಗೆದೆ. ಹೊಳೆಯವರೆಗೆ ಹೊತ್ತೆ. ಹಿಂದಿನ ದಿನವೇ ಅಲ್ಲಿ ಬಿಟ್ಟಿದ್ದರೆ ಹಾವು ಮಾತ್ರ ಹೊರಬೇಕಿತ್ತು. ಈಗ ನಮ್ಮ ಮೂರು ಕೋಳಿಯೂ ಗೋಣಿಯಲ್ಲಿತ್ತು.

ಸುದ್ದಿ ಕೇಳಿ ಸಾಹುಕಾರರು ಒಂದು ಹುಂಜ ಕಟ್ಟಿ ಕಳಿಸಿದರು. ತಂದವನ ಹತ್ತಿರ ಒಂದು ಮಾತೂ ಹೇಳಿ ಕಳಿಸಿದ್ದರು.

“ಇದನ್ನು ನೀವು ತಿನ್ನಿ. ಯಾರನ್ನೂ ಊಟಕ್ಕೆ ಕರೆಯಬೇಡಿ.”

ಮೂರು: ನಿಟ್ಟೆಯ ಚಿರತೆ

ನಿಟ್ಟೆಯಲ್ಲಿ ಆಗ ಕಾಲೇಜು ಇರಲಿಲ್ಲ. ಕಾಡು. ಅಲ್ಲಿಯ ಒಂದು ಮನೆಯ ಬಾವಿಗೆ ಚಿರತೆ ಬಿತ್ತು. ಫಾರೆಸ್ಟಿನವರು ಬರುವಾಗ ಸಂಜೆ ಆಗುತ್ತದೆ ಅಂತ ಸುದ್ದಿ ಬಂತು. ಅಷ್ಟರವರೆಗೆ ಅದು ಈಜುತ್ತಾ ಇರಬೇಕಲ್ಲ.

ಚಿರತೆ ಇರುವ ಬಾವಿಗೆ ಇಳಿಯುವಷ್ಟು ನಾನು ಹುಚ್ಚನಲ್ಲ. ಉದ್ದದ ಬಿದಿರಿನ ಏಣಿಗೆ ಹಗ್ಗ ಕಟ್ಟಿ ಕೆಳಗೆ ಬಿಟ್ಟೆವು. ಊರಿನವರು ತಂತಮ್ಮ ಮನೆಗೆ ಓಡಿ ಬಾಗಿಲು ಹಾಕಿಕೊಂಡರು. ಆ ಮನೆಯವರೂ ಒಳಗೆ ಹೋದರು.

ಏಣಿ ಬಿಟ್ಟಾಯಿತಲ್ಲ, ಒಳಗೆ ಬನ್ನಿ ಅಂದಳು ಹೆಂಡತಿ. ಏಣಿ ಜಾರಿದರೆ ನೋಡಲಿಕ್ಕೆ ಒಬ್ಬ ಬೇಡವಾ ಅಂತ ನಾನು ಬಾವಿಯ ಹತ್ತಿರದ ಹಲಸಿನ ಮರ ಹತ್ತಿದೆ. ಚಿರತೆಗೂ ಮರ ಹತ್ತಲಿಕ್ಕೆ ಬರುತ್ತದೆ ಅಂತ ಅವಳು ಹೇಳಿದಳು. ಅದಕ್ಕೆ ಈಗ ಓಡಿಹೋದರೆ ಸಾಕು ಅನಿಸಿರುತ್ತದೆ ಅಂತ ನಾನು ಹೇಳಿದೆ. ಅವಳು ಒಳಗೆ ಹೋಗಿ ಚಿಲಕ ಹಾಕಿದಳು.

ಚಿರತೆ ಬಂತು. ಏಣಿಯನ್ನು ಮೆಟ್ಟಿಲಿನ ಹಾಗೆ ಹತ್ತಿ ಬಂತು. ಮೈ ಕೊಡವಿತು. ಆಚೆ ನೋಡಿತು, ಈಚೆ ನೋಡಿತು. ಕಾಡಿನ ಕಡೆ ಹೋಗಲಿಲ್ಲ. ನೇರ ಬಂದು ನನ್ನ ಮರದ ಬುಡದಲ್ಲಿ, ಬಿಸಿಲು ಬಿದ್ದ ಜಾಗದಲ್ಲಿ ಮಲಗಿತು.

ಆಗ ಬೆಳಿಗ್ಗೆ ಒಂಬತ್ತು. ಅದು ಕಾಲು ನೆಕ್ಕಿತು. ಹೊಟ್ಟೆ ನೆಕ್ಕಿತು. ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿತು. ನಾನು ಕೊಂಬೆ ತಬ್ಬಿ ಹಿಡಿದೆ. ಅದು ಆಕಳಿಸಿ ಪುನಃ ಮಲಗಿತು. ಮರದ ತುಂಬ ಕೆಂಪು ಇರುವೆ. ಕಚ್ಚಿದರೆ ಕೈ ಎತ್ತುವ ಹಾಗಿಲ್ಲ. ಹತ್ತು ಗಂಟೆ ಆಯಿತು, ಹನ್ನೊಂದಾಯಿತು, ಮಧ್ಯಾಹ್ನ ಆಯಿತು. ಒಳಗೆ ಎಲ್ಲರೂ ಗಂಜಿ ಊಟಕ್ಕೆ ಕೂತರು. ಬಟ್ಟಲಿನ ಶಬ್ದ ನನಗೆ ಕೇಳುತ್ತಿತ್ತು.

ಊಟ ಆದ ಮೇಲೆ ಹೆಂಡತಿ ಕಿಟಕಿಗೆ ಬಂದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣ ಸ್ವರದಲ್ಲಿ ಹೇಳಿದಳು.

“ಉಪಕಾರ ಮಾಡಿದವರನ್ನು ಬಿಟ್ಟು ಹೋಗಲಿಕ್ಕೆ ಅದಕ್ಕೆ ಮನಸ್ಸಿಲ್ಲ.”

ನಾಲ್ಕು: ಬಿಳಿ ಅಂಗಿಯ ಮನುಷ್ಯ

ಇಷ್ಟರವರೆಗೆ ಪ್ರಾಣಿಗಳ ವಿಷಯ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಮನುಷ್ಯ ಬಿದ್ದದ್ದು ಒಂದೇ ಸಲ.

ಕಾರ್ಕಳದ ಹತ್ತಿರ ಒಂದು ಬಾವಿಯ ಕೆಸರು ತೆಗೆದು ಗದ್ದೆಯ ಹುಣಿಯಲ್ಲಿ, ಅಂದರೆ ಬದುವಿನ ಮೇಲೆ, ವಾಪಸು ಬರುತ್ತಿದ್ದೆವು. ಮಧ್ಯಾಹ್ನದ ಹೊತ್ತು. ದಾರಿಯ ಬದಿಯ ಒಂದು ಹಾಳು ಬಾವಿಯಿಂದ ಸ್ವರ ಕೇಳಿತು. ಬಗ್ಗಿ ನೋಡಿದರೆ ಕುತ್ತಿಗೆಯವರೆಗೆ ನೀರಿನಲ್ಲಿ ಒಬ್ಬ. ಬಿಳಿ ಅಂಗಿ, ಮರ್ಯಾದಸ್ಥ. ಶೇಂದಿಯ ವಾಸನೆ ಮೇಲಿನವರೆಗೆ ಬರುತ್ತಿತ್ತು.

ಹೆಂಡತಿ ನನ್ನ ಕೈ ಹಿಡಿದಳು. ಇನ್ನು ನಾಲ್ಕು ಜನ ಬರಲಿ, ಹೇಗೆ ಬಿದ್ದೆ ಅಂತ ಅವನು ಎಲ್ಲರ ಎದುರು ಹೇಳಲಿ, ಮತ್ತೆ ಎತ್ತುವ ಅಂದಳು. ಸಾಯುವವನ ಹತ್ತಿರ ವಿಚಾರಣೆಯಾ ಅಂತ ನಾನು ಇಳಿದೆ. ಹಗ್ಗ ಸೊಂಟದಿಂದ ಬಿಚ್ಚಬೇಡಿ ಅಂತ ಮೇಲಿನಿಂದ ಕೂಗಿದಳು. ಬಿಚ್ಚಿ ಅವನಿಗೆ ಕಟ್ಟಿದೆ. ನಾನು ಕೆಳಗಿನಿಂದ ಹೆಗಲು ಕೊಟ್ಟೆ, ಅವಳು ಮೇಲಿನಿಂದ ಎಳೆದಳು. ಅವನು ಮೇಲೆ ಹೋದ.

ಅದೇ ಹೊತ್ತಿಗೆ ಅವನ ಹೆಂಡತಿಯೂ ಹೆಂಡತಿಯ ಅಣ್ಣನೂ ಅವನನ್ನು ಹುಡುಕಿಕೊಂಡು ಅಲ್ಲಿಗೆ ಬಂದರು. ಬೆಳಿಗ್ಗೆಯಿಂದ ಹುಡುಕುತ್ತಿದ್ದರಂತೆ. ಆ ಹೆಂಗಸು ಗಂಡನ ಬಾಯಿಯ ಹತ್ತಿರ ಮೂಗು ತಂದಳು. ಅವನು ಹಿಂದೆ ಸರಿದು ಬಾವಿಯ ಕಡೆ ಕೈ ತೋರಿಸಿದ.

“ನಾನು ಬಿದ್ದದ್ದಲ್ಲ. ಒಬ್ಬ ತಳ್ಳಿದ. ಕೆಳಗೆ ಇದ್ದಾನೆ, ನೋಡು.”

ನಾನು ಕೆಳಗೆ ಇದ್ದೆ. ನೀರಿನಲ್ಲಿ ನಿಂತು ಇದನ್ನು ಕೇಳಿದೆ. ಕೇಳಿದ್ದು ನನ್ನದೇ ಕಿವಿಯಾ ಅಂತ ಸಂಶಯ ಆಯಿತು. ತಳ್ಳಿದವನು ಕೆಳಗೆ, ಬಿದ್ದವನು ಮೇಲೆ, ಇದು ಹೇಗೆ ಅಂತ ಯಾರೂ ಯೋಚಿಸಲಿಲ್ಲ. ಅವನ ಭಾವ ಹೋಗಿ ನನ್ನ ಹೆಂಡತಿಯ ಕೈಯಿಂದ ಹಗ್ಗ ಕಿತ್ತುಕೊಂಡ. ಆ ಬಾವಿಯ ಗೋಡೆಗೆ ಎರಡಾಳು ಎತ್ತರದವರೆಗೆ ಪಾಚಿ, ಹಗ್ಗ ಇಲ್ಲದೆ ಹತ್ತಲಿಕ್ಕೆ ಆಗುವುದಿಲ್ಲ. ಕಳ್ಳ ಓಡಿಹೋಗಬಾರದು ಅಂತ ನನ್ನನ್ನು ಬಾವಿಯಲ್ಲೇ ಇಟ್ಟರು. ಗದ್ದೆಯಿಂದ ಒಂದು ಆಳು ಕರೆದು ಪೊಲೀಸಿಗೆ ಕಳಿಸಿದರು.

ಒಂದು ಗಂಟೆ ಕಳೆದು ಒಬ್ಬರು ಪೊಲೀಸಿನವರು ಸೈಕಲ್ಲಿನಲ್ಲಿ ಬಂದರು. ಬಗ್ಗಿ ನೋಡಿದರು. ಹೆಸರು ಕೇಳಿದರು. ಹೇಳಿದೆ. ತಂದೆಯ ಹೆಸರು ಕೇಳಿದರು. ಹೇಳಿದೆ. ಬಾವಿಯಲ್ಲಿ ಸ್ವರ ಗುಂಯ್ ಅನ್ನುತ್ತದೆ, ಪ್ರತಿಯೊಂದನ್ನೂ ಎರಡು ಸಲ ಹೇಳಬೇಕಾಯಿತು. ಇವನನ್ನು ಯಾಕೆ ತಳ್ಳಿದ್ದು ಅಂತ ಕೇಳಿದರು. ನನ್ನ ಹಲ್ಲು ಚಳಿಗೆ ಬಡಿಯುತ್ತಿತ್ತು. ಹೆದರಿ ನಡುಗುತ್ತಿದ್ದಾನೆ ಅಂತ ಭಾವ ಹೇಳಿದ.

ಆಗ ನನ್ನ ಹೆಂಡತಿ ಮುಂದೆ ಬಂದಳು. ಎರಡೂ ಅಂಗೈ ಪೊಲೀಸಿನವರ ಎದುರು ಹಿಡಿದಳು. ಹಗ್ಗ ಎಳೆದು ಎಳೆದು ಕಪ್ಪಾದ ಅಂಗೈ.

“ನೋಡಿ ಸ್ವಾಮಿ. ಹದಿನೆಂಟು ವರ್ಷ ಆಯಿತು, ನಾನು ಇವರ ಹಗ್ಗ ಹಿಡಿಯುವುದು. ನಾನು ಹೇಳಿದ್ದು ಒಂದು ದಿನ ಕೇಳಿದವರಲ್ಲ. ನಮ್ಮ ಮನೆಯಿಂದ ಯಾರನ್ನಾದರೂ ಬಾವಿಗೆ ಹಾಕುವುದಾಗಿದ್ದರೆ, ಮೊದಲು ನಾನು ಇವರನ್ನು ಹಾಕುತ್ತಿದ್ದೆ.”

ಪೊಲೀಸಿನವರು ಟೋಪಿ ತೆಗೆದು ನಕ್ಕರು. ಆ ಕುಡುಕನ ಹೆಂಡತಿಯೂ ನಕ್ಕಳು. ನಕ್ಕು, ಗಂಡನಿಗೆ ಅಲ್ಲಿಯೇ ಎರಡು ಬಿಟ್ಟಳು. ಕಾಲು ಜಾರಿ ಬಿದ್ದದ್ದು ಅಂತ ಅವನು ಒಪ್ಪಿದ.

ನನ್ನನ್ನು ಮೇಲೆ ಎಳೆದರು. ಎಲ್ಲರೂ ಹೊರಟರು. ಸ್ವಲ್ಪ ದೂರ ಹೋಗಿ ಆ ಮನುಷ್ಯ ಒಬ್ಬನೇ ತಿರುಗಿ ಬಂದ. ತಪ್ಪಾಯಿತು ಅಂತ ಹೇಳಲಿಕ್ಕೆ ಬಂದದ್ದು ಅಂತ ಎಣಿಸಿದೆ. ನನ್ನ ಎದುರು ನಿಂತು ಕಾಲು ತೋರಿಸಿದ. ಒಂದು ಚಪ್ಪಲಿ ಕೆಳಗೆ ಉಳಿದಿದೆ ಅಂದ.

ಹೆಂಡತಿ ನನ್ನನ್ನು ನೋಡಿದಳು. ಹಗ್ಗವನ್ನು ಪುನಃ ನನ್ನ ಸೊಂಟಕ್ಕೆ ಕಟ್ಟಿದಳು. ನಾನು ಇಳಿದೆ.

ಮರುದಿನ

ಆಸ್ಪತ್ರೆಯಲ್ಲಿ ಆ ಮಾತು ಹೇಳಿದವಳು ಬೆಳಗಾಗುವ ಮೊದಲು ಹೋದಳು. ಮನೆಗೆ ತಂದೆವು. ಮಧ್ಯಾಹ್ನದ ಒಳಗೆ ಎಲ್ಲ ಮುಗಿಯಿತು.

ಮರುದಿನ ಬೆಳಿಗ್ಗೆ ಶಂಕರಪುರದಿಂದ ಒಬ್ಬರು ಬಂದರು. ಮಲ್ಲಿಗೆ ಬೆಳೆಸುವವರು. ನಲವತ್ತರ ಪ್ರಾಯ. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಕರು ಬಾವಿಗೆ ಬಿದ್ದಿದೆ, ಜೀವ ಉಂಟು, ಇಬ್ಬರೂ ಬೇಗ ಬನ್ನಿ ಅಂದರು.

ಇಬ್ಬರೂ ಅಂದ ಕೂಡಲೇ ಜಗಲಿಯಲ್ಲಿ ಕೂತವರು ನನ್ನ ಕಡೆ ತಿರುಗಿದರು. ನನ್ನ ಅಕ್ಕ ಅವರಿಗೆ ವಿಷಯ ಹೇಳಿದಳು. ನನಗೂ ಹೇಳಿದಳು: ಸೂತಕ, ಇವತ್ತು ಹೊಸ್ತಿಲು ದಾಟಬಾರದು. ಒಳ್ಳೆಯ ಮಾತೇ. ಅದನ್ನೂ ಕೇಳಲಿಲ್ಲ. ಹಗ್ಗ ತೆಗೆದುಕೊಂಡು ಹೊರಟೆ.

ಬಾವಿಯ ಹತ್ತಿರ ಹೋಗಿ ಅಭ್ಯಾಸದಲ್ಲಿ ಅಂಗಿ ಬಿಚ್ಚಿದೆ. ಹಗ್ಗದ ತುದಿ ಕೊಡಲಿಕ್ಕೆ ಹಿಂದೆ ತಿರುಗಿದೆ. ಪುನಃ ಅಂಗಿ ಹಾಕಿದೆ. ನೀವು ಇಳಿಯಿರಿ, ನಾನು ಮೇಲೆ ಇರುತ್ತೇನೆ ಅಂತ ಕರೆಯಲು ಬಂದವರಿಗೆ ಹೇಳಿದೆ. ಅವರಿಗೆ ಈಜು ಗೊತ್ತಿತ್ತು. ಅವರ ಸೊಂಟಕ್ಕೆ ಹಗ್ಗ ಕಟ್ಟಿದೆ. ಮರಕ್ಕೆ ಒಂದು ಸುತ್ತು ಹಾಕಿ ನಿಂತೆ.

ಮೇಲಿನಿಂದ ಏನೂ ಕಾಣುವುದಿಲ್ಲ. ಕಪ್ಪು ಮಾತ್ರ ಕಾಣುತ್ತದೆ, ಕೈಯಲ್ಲಿ ಭಾರ ಮಾತ್ರ ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷ ನನಗೆ ಇದು ಗೊತ್ತಿರಲಿಲ್ಲ.

ಕರುವಿನ ಮುಂಗಾಲಿನ ಹಿಂದೆ ಬೇರೆ ಹಗ್ಗ ಕಟ್ಟಿ, ಕರುವನ್ನು ಅಲ್ಲಿಯೇ ಬಿಟ್ಟು, ಮೊದಲು ನೀವು ಮೇಲೆ ಬನ್ನಿ ಅಂತ ಕೂಗಿದೆ. ಕೆಳಗಿನಿಂದ ಉತ್ತರ ಬಂತು.

“ಪಾಪ, ಹೆದರಿದೆ ಮಾರಾಯ್ರೆ. ನಾನೇ ಎತ್ತಿಕೊಂಡು ಬರುತ್ತೇನೆ.”

ನಾನು ಬೈದೆ. ನನ್ನ ಹೆಂಡತಿ ಒಂದು ದಿನವೂ ಬೈಯದಷ್ಟು ಬೈದೆ. ಬೈಯುತ್ತಾ ಮರಕ್ಕೆ ಇನ್ನೊಂದು ಸುತ್ತು ಹಾಕಿದೆ.