ಒಂದು ಡ್ರಮ್ಮಿಗೆ ಒಂದೇ ಔಷಧಿ

ಬುದ್ಧಿ ಇಲ್ಲದವರಿಂದ ಲೋಕಕ್ಕೆ ಅಂಥ ಕೇಡೇನೂ ಇಲ್ಲ. ಅವರು ನಾಲ್ಕು ಜನರನ್ನು ಕೇಳಿಕೊಂಡು ನಡೆಯುತ್ತಾರೆ. ಕೇಡೆಲ್ಲ ಒಂದು ಕೆಲಸದಲ್ಲಿ ಬುದ್ಧಿ ಬಲಿತವರದು. ಆ ಬುದ್ಧಿಯನ್ನು ಕಂಡಕಂಡಲ್ಲೆಲ್ಲ ತೂರಿಸುತ್ತಾರೆ. ನಾನು ಆ ತಳಿ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಮಲ್ಲಂದೂರಿನ ಎಸ್ಟೇಟಿನಲ್ಲಿ ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಗ್ಯಾಂಗಿನಲ್ಲಿ ಮೂವತ್ತು ವರ್ಷ ಸವೆಸಿದ್ದೇನೆ. ಮೈಲುತುತ್ತು, ಸುಣ್ಣ ಕಲಸುವ ವಿಷಯದಲ್ಲಿ ನನಗೆ ಹೇಳಿಕೊಡುವವರು ಇನ್ನೂ ಹುಟ್ಟಬೇಕು.

ಹೋದ ವರ್ಷ ದಿಣ್ಣೆ ಹತ್ತುವಾಗ ಎದೆಯ ಮೇಲೆ ಯಾರೋ ಕಾಫಿ ಮೂಟೆ ಇಟ್ಟ ಹಾಗಾಯಿತು. ಜೊತೆಗಿರುವ ಮಗಳು ಸುಜಾತ ಚಿಕ್ಕಮಗಳೂರಿಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಸ್ಕ್ಯಾನು ಮಾಡಿಸಿ, "ಅಜ್ಜಿ, ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ, ಕ್ಯಾಲ್ಸಿಯಂ ಸೇರಿ ಗಟ್ಟಿಯಾಗಿದೆ" ಎಂದರು. ಕ್ಯಾಲ್ಸಿಯಂ ಅಂದರೆ ಸುಣ್ಣದ ಅಂಶ ಎಂದು ಮಗಳು ಬಿಡಿಸಿ ಹೇಳಿದಳು. ಇಷ್ಟೇನಾ ಎಂದುಕೊಂಡೆ. ಸುಣ್ಣವನ್ನು ಬಟ್ಟೆಯಲ್ಲಿ ಸೋಸದೆ ಡ್ರಮ್ಮಿಗೆ ಸುರಿದರೆ ಸ್ಪ್ರೇ ಪೈಪು ಕಟ್ಟಿಕೊಳ್ಳುತ್ತದೆ. ಹುಣಸೆ ನೀರು ಬಿಟ್ಟು ನಾಲ್ಕು ಸಲ ಕೊಡವಿದರೆ ಆಯಿತು. ಡಾಕ್ಟರಮ್ಮ ಮಾತ್ರ ಎರಡು ಬಗೆಯ ಮಾತ್ರೆ ಬರೆದು, "ಬದುಕಿರೋವರೆಗೂ ತಗೊಳ್ಳಿ" ಎಂದರು. ಒಂದು ಪೈಪು ತೊಳೆಯಲು ಸಾಯುವವರೆಗೆ ಬೇಕೇ? ಅವರ ಕೆಲಸದ ಮೇಲಿನ ನಂಬಿಕೆ ನನಗೆ ಅಲ್ಲಿಗೇ ಹೋಯಿತು.

ನಮ್ಮ ದಿಣ್ಣೆಯ ತಲೆಯ ಮೇಲೆ ಶೇಷಪ್ಪನವರ ಮನೆ. ಎಸ್ಟೇಟಿನಲ್ಲಿ ರೈಟರ್ ಆಗಿದ್ದು ನಮ್ಮ ಹಾಜರಿ ಬರೆದು ರಿಟೈರಾದವರು. ಈಗ ಮೊಬೈಲು ನೋಡಿಕೊಂಡು ಊರಿಗೆಲ್ಲ ವೈದ್ಯರು. ಅವರಿಗೂ ನನ್ನದೇ ಕಾಯಿಲೆ.

"ಈ ವಿಟಮಿನ್ ತಗೋ ಮಾರಾಯ್ತಿ. ನಾಳದಲ್ಲಿರೋ ಕ್ಯಾಲ್ಸಿಯಂನ ಎಬ್ಬಿಸ್ಕೊಂಡು ಹೋಗಿ ಮೂಳೆಗೆ ಹಾಕ್ತದೆ."

"ಅಷ್ಟು ಸಣ್ಣ ಗುಳಿಗೆಗೆ ದಾರಿ ಹೆಂಗೆ ಗೊತ್ತಾಗ್ತದೆ ರೈಟ್ರೇ?"

"ವೀಡಿಯೋದಲ್ಲಿ ಬಾಣ ಹಾಕಿ ತೋರ್ಸಿದಾರೆ ಕಣೇ."

ಬಾಣ ಹಾಕಿದ ಮೇಲೆ ಮಾತೇನು! ಒಂದು ಡಬ್ಬಿ ಇಸಿದುಕೊಂಡು ಬಂದೆ.

ಇಲ್ಲಿ ನನ್ನ ಬುದ್ಧಿ ಎದ್ದು ಕೂತಿತು. ಒಂದು ಡ್ರಮ್ಮಿಗೆ ಎರಡು ಔಷಧಿ ಬೆರೆಸಬಾರದು ಎನ್ನುವುದು ಗ್ಯಾಂಗಿನ ಮೊದಲ ಪಾಠ. ಬೆರೆಸಿದರೆ ಎಲೆ ಸುಟ್ಟು ಕರಿಯಾಗುತ್ತದೆ. ಒಂದು ರೌಂಡು ಮುಗಿಸಿ, ಅಂತರ ಕೊಟ್ಟು, ಆಮೇಲೆ ಇನ್ನೊಂದು. ಹಾಗಾಗಿ ಡಾಕ್ಟರಮ್ಮನ ಮಾತ್ರೆಗಳನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟು ವಿಟಮಿನ್ ರೌಂಡು ಶುರು ಮಾಡಿದೆ. ಎರಡು ತಿಂಗಳು ನಡೆಯಿತು. ದಿಣ್ಣೆ ಹತ್ತಲು ಒಂದು ಸಲ ಕೂರುತ್ತಿದ್ದವಳು ಮೂರು ಸಲ ಕೂರತೊಡಗಿದೆ. ಸುಣ್ಣ ಏಳುತ್ತಿದೆ, ಅದಕ್ಕೇ ಈ ಗಲಾಟೆ ಎಂದು ಒಳಗೊಳಗೇ ಖುಷಿ. ಕಟ್ಟಿಕೊಂಡ ಪೈಪು ಬಿಟ್ಟುಕೊಳ್ಳುವಾಗಲೂ ಮೊದಲು ಕೆಮ್ಮುತ್ತದಲ್ಲ!

ಒಂದು ದಿನ ಸುಜಾತ ಅಕ್ಕಿಗೆ ಕೈ ಹಾಕಿದಳು, ಮಾತ್ರೆಗಳು ಬಂದವು. "ಸಾಯೋದಾದ್ರೆ ಹೇಳಿ ಸಾಯಮ್ಮ, ಅನ್ನದಲ್ಲಿ ಯಾಕೆ ಬಚ್ಚಿಡ್ತೀಯ?" ಎಂದು ಅಂದೇ ಬಸ್ಸು ಹತ್ತಿಸಿದಳು.

ಡಾಕ್ಟರಮ್ಮ ಡ್ರಮ್ಮಿನ ಕಥೆ ಕೇಳಿ ನಕ್ಕರು. ಎದೆಗೆ ವಯರು ಅಂಟಿಸಿ ಬಂದ ಕಾಗದ ನೋಡಿದ ಮೇಲೆ ನಗಲಿಲ್ಲ. "ಅಜ್ಜಿ, ಅದು ಪೈಪಿನೊಳಗೆ ಕೂತ ಸುಣ್ಣ ಅಲ್ಲ; ನಾಳದ ಗೋಡೆ ಒಳಗೇ ಬೆಳೆದಿರೋದು. ವಿಟಮಿನ್ ಅದನ್ನ ಕರಗಿಸುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ನನ್ನ ಮಾತ್ರೆನೂ ತೊಳೆಯೋಕಲ್ಲ. ಆ ಕಟ್ಟಿರೋ ಕೊಬ್ಬು ಒಡೆದು ರಕ್ತ ಹೆಪ್ಪುಗಟ್ಟಿ ನೀವು ದಿಣ್ಣೆ ಮೇಲೇ ಮುಗಿದುಹೋಗದ ಹಾಗೆ ಕಾಯೋಕೆ. ಎರಡು ತಿಂಗಳು ಕಾವಲಿಲ್ಲದೆ ಓಡಾಡಿದೀರಿ."

ಕಾಂಡದೊಳಗೆ ಹೊಕ್ಕ ಹುಳಕ್ಕೆ ಎಲೆಯ ಮೇಲೆ ಹೊಡೆದು ಏನು ಪ್ರಯೋಜನ ಎಂದು ನಾನೇ ಎಷ್ಟು ಜನರನ್ನು ಉಗಿದಿಲ್ಲ! ಅಲ್ಲೇ ನೀರು ಇಸಿದುಕೊಂಡು ಮಾತ್ರೆ ನುಂಗಿದೆ.

ನಿಧಾನಕ್ಕೆ ನಡೆಯಬಹುದು ಎಂದು ಡಾಕ್ಟರಮ್ಮ ಅಪ್ಪಣೆ ಕೊಟ್ಟ ಮಾರನೇ ದಿನವೇ ಶೇಷಪ್ಪನವರಿಗೆ ಬೈಯಲು ಹೊರಟೆ. ಮೂರು ಕಡೆ ಕೂತೆ. ಕೂತಲ್ಲೆಲ್ಲ ಎರಡೆರಡು ಬೈಗುಳ ಸೇರಿಸಿಕೊಂಡೆ. ಮೇಲೆ ಹೋದರೆ ಆಸಾಮಿ ಜಗಲಿಯಲ್ಲಿ ಕೂತು ಮಾತ್ರೆ ನುಂಗುತ್ತಿದ್ದಾರೆ. ನೋಡಿದರೆ, ಡಾಕ್ಟರಮ್ಮ ನನಗೆ ಬರೆದವೇ.

"ಇದನ್ನ ನೀವು ಬಿಟ್ಟಿಲ್ವಾ ರೈಟ್ರೇ?"

"ಬಿಡೋಕೆ ನಂಗೇನು ತಲೆ ಕೆಟ್ಟಿದ್ಯಾ? ಇದು ಹೊಟ್ಟೆಗೆ ಬಿದ್ದ ಮೇಲೇ ಆ ವಿಟಮಿನ್ನು. ನಿಂಗೆ ಬಿಡು ಅಂದೋರು ಯಾರು ಮಾರಾಯ್ತಿ?"

ಯಾರೂ ಅಂದಿರಲಿಲ್ಲ. ಕೊಟ್ಟ ಕಾಫಿ ಕುಡಿದು ಎದ್ದೆ. ಅಷ್ಟು ಕಷ್ಟಪಟ್ಟು ಕಟ್ಟಿದ ಬೈಗುಳ ದಂಡವಾಗಬಾರದು ನೋಡಿ. ಇಳಿಯುವಾಗ ಅದೇ ಮೂರು ಕಡೆ ಕೂತು ಒಂದೂ ಬಿಡದೆ ನನಗೇ ಬೈದುಕೊಂಡೆ. ಬಹಳ ಒಳ್ಳೆಯ ಬೈಗುಳ. ಆ ರೈಟರಿಗೆ ದಕ್ಕಲಿಲ್ಲವಲ್ಲ ಎಂದು ಈಗಲೂ ಸಂಕಟ.